ವಹಾಬಭಾಯಿ ಉಸಿರೆಳೆದ ಸದ್ದು

ಮೂವತ್ತೊಂದು ವರ್ಷ ನಾನು ಬಸ್ ಕಂಡಕ್ಟರ್ ಆಗಿದ್ದವನು. ಬೆಳಗಾವಿಯಿಂದ ಖಾನಾಪುರ, ಖಾನಾಪುರದಿಂದ ನನ್ನೂರು ನಂದಗಡ. ಈ ದಾರಿಯಲ್ಲಿ ಯಾರ ಮನೆಯಲ್ಲಿ ಇವತ್ತು ಏನು ಪಲ್ಯ ಎನ್ನುವುದೂ ನನಗೆ ಗೊತ್ತು ಎಂದು ಜಂಬ ಕೊಚ್ಚುತ್ತಿದ್ದೆ. ಆದರೆ ನಲವತ್ತು ವರ್ಷದ ಗೆಳೆಯನ ಗಂಟಲೊಳಗೆ ಏನು ನಡೆದಿದೆ ಎನ್ನುವುದು ತಿಂಗಳುಗಟ್ಟಲೆ ತಿಳಿಯಲಿಲ್ಲ. ತಿಳಿಯುವಷ್ಟು ಸುಳಿವು ನನ್ನ ಹತ್ತಿರವೇ ಇತ್ತು. ಅದನ್ನು ಗಂಟು ಕಟ್ಟಿಟ್ಟು ಬಾಯಿ ಮುಚ್ಚಿಕೊಂಡು ಕೂತಿದ್ದವನೂ ನಾನೇ. ಆ ಸಿಟ್ಟು ನನ್ನ ಮೇಲೆ ನನಗೆ ಇನ್ನೂ ಇಳಿದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಹಾಬಭಾಯಿ ಖಾಸಬಾಗದವನು. ರವಿವಾರದ ಸಂತೆ ಕೂಡುವ ರಸ್ತೆಯಿಂದ ಒಳಗಿನ ಓಣಿಗೆ ತಿರುಗಿದರೆ, ಮಗ್ಗಗಳ ಖಟಖಟದ ನಡುವೆ ಇನ್ನೊಂದು ಮೆತ್ತನೆಯ ಸದ್ದು ಕೇಳುತ್ತಿತ್ತು. ಅದು ಅವನ ಕಟ್ಟಿಗೆಯ ಸುತ್ತಿಗೆ ಹಿತ್ತಾಳೆಯ ಮೇಲೆ ಬೀಳುವ ಸದ್ದು. ಬ್ಯಾಂಡಿನ ವಾದ್ಯಗಳನ್ನು ರಿಪೇರಿ ಮಾಡುವುದು ಅವನಿಗೆ ಅಪ್ಪನಿಂದ ಬಂದ ಕಸುಬು. ಅಂಗಡಿ ಎಂದರೆ ಎಂಟು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಗೋಡೆಯ ತುಂಬ ಕಾರ್ನೆಟ್ಟು, ಟ್ರಂಪೆಟ್ಟು, ಮೂಲೆಯಲ್ಲಿ ಹಿತ್ತಾಳೆ ಬೆಳಗುವ ಹುಣಸೆ ನೀರಿನ ಬಕೆಟ್ಟು, ಬಾಗಿಲ ಬಳಿ ಬಂದವರಿಗೆಂದು ಒಂದು ಸ್ಟೂಲು. ಆ ಸ್ಟೂಲಿನ ಮೂರನೆಯ ಕಾಲು ಗಿಡ್ಡ. ಊರಿನ ವಾದ್ಯಗಳನ್ನೆಲ್ಲ ನೆಟ್ಟಗೆ ಮಾಡಿದ ಮಹಾರಾಯ ಆ ಕಾಲನ್ನು ಇವತ್ತಿನವರೆಗೂ ನೆಟ್ಟಗೆ ಮಾಡಿಲ್ಲ.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ನನಗೆ ಇನ್ನೂ ನೌಕರಿ ಸಿಕ್ಕಿರಲಿಲ್ಲ. ನಂದಗಡದ ಬ್ಯಾಂಡ್ ಕಂಪನಿಯಲ್ಲಿ ಕಾರ್ನೆಟ್ ಊದುತ್ತಿದ್ದೆ. ಒಂದು ಮದುವೆಗೆ ಹೋಗುವಾಗ ಬಸ್ಸಿನ ಮಾಡಿನ ಮೇಲಿಟ್ಟಿದ್ದ ಅದರ ಮೈಮೇಲೆ ಯಾರೋ ಅಕ್ಕಿ ಚೀಲ ಎಸೆದಿದ್ದರು. ನೆಗ್ಗಿದ ಕಾರ್ನೆಟ್ಟನ್ನು ಎದೆಗೆ ಅವಚಿಕೊಂಡು ನಿಂತಿದ್ದ ನನ್ನನ್ನು ವಹಾಬಭಾಯಿ ನೋಡಿ, ಕೂಸಿಗೆ ಜ್ವರ ಬಂದಿದೆಯೇ ಎಂದು ಕೇಳಿದ. ನನಗೆ ಸಿಟ್ಟು ಬಂತು. ಆಮೇಲೆ ನಗು ಬಂತು. ಗೆಳೆತನ ಶುರುವಾದದ್ದೇ ಹಾಗೆ.

ಅವನ ಕೆಲಸದ ರೀತಿಯನ್ನು ಹೇಳಲೇಬೇಕು. ನೆಗ್ಗು ಕಣ್ಣಿಗೆ ಎದ್ದು ಕಾಣುತ್ತಿದ್ದರೂ ಅವನು ಮೊದಲು ಕಣ್ಣು ಹಾಕುತ್ತಿರಲಿಲ್ಲ, ಕೈ ಹಾಕುತ್ತಿದ್ದ. ವಾದ್ಯದ ಅಗಲ ಬಾಯಿಯೊಳಗೆ ಮೊಣಕೈವರೆಗೆ ಕೈಯಿಟ್ಟು, ಕಣ್ಣು ಮುಚ್ಚಿ ಬೆರಳಿನಿಂದ ನೋಡುತ್ತಿದ್ದ. ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಕಡಲೆ ಕಾಳಿನ ಗಾತ್ರದಿಂದ ಲಿಂಬೆಹಣ್ಣಿನ ಗಾತ್ರದವರೆಗೆ ಹಿತ್ತಾಳೆಯ ಗುಂಡುಗಳಿದ್ದವು. ನೆಗ್ಗಿದ ಕೊಳವೆಯೊಳಗೆ ಮೊದಲು ಸಣ್ಣ ಗುಂಡು, ಆಮೇಲೆ ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದು, ಹೀಗೆ ಒಂದೊಂದಾಗಿ ಹಾಯಿಸುತ್ತಿದ್ದ. ಅವಸರ ಮಾಡಿ ದೊಡ್ಡದನ್ನು ನುಗ್ಗಿಸಿದರೆ ಕೊಳವೆ ಸೀಳುತ್ತದೆ. ಎಷ್ಟು ಸಲ ಸರಿಮಾಡಿದರೂ ಅದೇ ಜಾಗ ಮತ್ತೆ ಮತ್ತೆ ಒಳಗೆ ಬಿದ್ದರೆ, ಅಲ್ಲಿಗೆ ಗುಂಡಿನ ಕೆಲಸ ಮುಗಿಯಿತು. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಎರಡು ಒಳ್ಳೆಯ ತುದಿಗಳನ್ನು ಬೆಸೆಯುತ್ತಿದ್ದ.

ಕೊನೆಗೆ ಪರೀಕ್ಷೆ. ಊದಿ ನೋಡಿದರೆ ಸಾಕಲ್ಲ ಎಂದು ನಾನು ಕೇಳಿದ್ದಕ್ಕೆ ಅವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಊದಿದಾಗ ಸುಳ್ಳ ಹೇಳತೈತಿ ಶಿವಲಿಂಗ. ಜೋರ್ ಇದ್ದಾಂವ ಎಂಥಾ ಖೋಟಾನೂ ಮುಚ್ಚಿ ಊದತಾನ. ಎಳದ ನೋಡು, ಎಳದಾಗ ಖರೇ ಹೇಳತೈತಿ."

ಕೊಳವೆಯ ಒಂದು ತುದಿಗೆ ಅಂಗೈ ಒತ್ತಿ, ಇನ್ನೊಂದು ತುದಿಯಿಂದ ಗಾಳಿ ಎಳೆದುಕೊಳ್ಳುತ್ತಿದ್ದ. ಎಲ್ಲಾದರೂ ದೋಷವಿದ್ದರೆ ಸುಂಯ್ ಎಂದು ಸಣ್ಣ ಸಿಳ್ಳು ಬರುತ್ತಿತ್ತು. ಆ ಸಿಳ್ಳು ನಿಲ್ಲುವವರೆಗೂ ವಾದ್ಯ ಅಂಗಡಿಯಿಂದ ಹೊರಗೆ ಹೋಗುತ್ತಿರಲಿಲ್ಲ. ಮುಹೂರ್ತಕ್ಕೆ ಹೊತ್ತಾಯಿತೆಂದು ಮದುಮಗನ ಅಪ್ಪನೇ ಬಂದು ನಿಂತರೂ ಕೊಡುತ್ತಿರಲಿಲ್ಲ.

ಎಂಥ ದಿನಗಳು ಅವು. ಬಸ್ಸಿನ ಪಾಳಿ ಮುಗಿಸಿ ಖಾಸಬಾಗಕ್ಕೆ ಹೋದರೆ ಅವನ ಹೆಂಡತಿ ಮದರಬೀ ಒಳಗಿನಿಂದ ಚಹಾ ಕಳಿಸುತ್ತಿದ್ದಳು. ರಮಜಾನ್ ಹಬ್ಬಕ್ಕೆ ಅವರ ಮನೆಯ ಶೀರಕುರ್ಮಾ ನನ್ನ ಟಿಕೆಟ್ ಪೆಟ್ಟಿಗೆಯ ಪಕ್ಕದಲ್ಲೇ ಕೂತು ನಂದಗಡಕ್ಕೆ ಬರುತ್ತಿತ್ತು. ಪಂಚಮಿಗೆ ನನ್ನವ್ವ ಭರಮವ್ವನ ಶೇಂಗಾದ ಉಂಡಿ ಅದೇ ಬಸ್ಸಿನಲ್ಲಿ ತಿರುಗಿ ಹೋಗುತ್ತಿತ್ತು. ವಹಾಬಭಾಯಿಯೂ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದ. ಅವಳಿಗೂ ನನಗಿಂತ ಅವನ ಮೇಲೆಯೇ ಹೆಚ್ಚು ನಂಬಿಕೆ. ಮಗ ಹೇಳಿದ್ದನ್ನು ನಾಲ್ಕು ಸಲ ತಿರುಗಿಸಿ ಕೇಳುವವಳು, ವಹಾಬ ಹೇಳಿದ ಎಂದರೆ ಸುಮ್ಮನಾಗುತ್ತಿದ್ದಳು.

ಆಮೇಲೆ ಮದುವೆಗಳಿಗೆ ಡಿಜೆ ಬಂತು. ನಮ್ಮ ಬ್ಯಾಂಡಿನ ವಾದ್ಯಗಳು ನಮ್ಮ ಮನೆಯ ಅಟ್ಟ ಸೇರಿದವು. ನಾನು ರಿಟೈರ್ ಆದ ಮೇಲೆ, ಉಳಿದ ಐದಾರು ಮುದುಕರು ಸೇರಿ ಜನವರಿ ಇಪ್ಪತ್ತಾರಕ್ಕೆ ರಾಯಣ್ಣನ ಸಮಾಧಿಯ ಮುಂದೆ ಇನ್ನೊಂದು ಸಲ ಊದಬೇಕೆಂದು ಹಟ ಹಿಡಿದೆವು. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ವಹಾಬಭಾಯಿ ಡಬ್ಬಿ, ಸುತ್ತಿಗೆ ಕಟ್ಟಿಕೊಂಡು ನಂದಗಡಕ್ಕೆ ಬಂದ. ನಮ್ಮ ಕಟ್ಟೆಯ ಮೇಲೆ ಕೂತು ಮುಂಜಾನೆಯಿಂದ ನಾಲ್ಕು ವಾದ್ಯ ಸರಿಮಾಡಿದ. ಐದನೆಯದು ಬಾಸ್, ಹೆಗಲ ಮೇಲೆ ಹೊರುವ ದೊಡ್ಡ ವಾದ್ಯ. ಅದರ ಬಾಯಿ ಬುಟ್ಟಿಯಷ್ಟು ಅಗಲ. ನಾನೇ ಅದನ್ನು ಅಟ್ಟದಿಂದ ಇಳಿಸಿ ಅವನ ತೊಡೆಯ ಮೇಲಿಟ್ಟೆ. ಅವನು ಎಂದಿನಂತೆ ಕಣ್ಣು ಮುಚ್ಚಿ ಒಳಗೆ ಕೈ ಹಾಕಿದ.

ಇಲಿಗಳ ಬೆನ್ನು ಹತ್ತಿ ಅಟ್ಟಕ್ಕೆ ಬಂದ ನಾಗರಹಾವು ಅದರೊಳಗೆ ಸುತ್ತಿಕೊಂಡು ಮಲಗಿತ್ತು.

ಅವನು ಕೂಗಲಿಲ್ಲ. ಕೈ ಹೊರಗೆ ತೆಗೆದು ಬೆರಳನ್ನು ನೋಡಿಕೊಂಡ, ಅಷ್ಟೇ. ಹಾವು ಇಳಿದು ಕಟ್ಟೆ ದಾಟಿ ಬೇಲಿಗೆ ಹೋಯಿತು. ಖಾನಾಪುರದ ಆಸ್ಪತ್ರೆ ಮುಟ್ಟುವುದರೊಳಗೆ ಅವನ ರೆಪ್ಪೆಗಳು ಜೋತುಬಿದ್ದು, ನಾಲಿಗೆ ತೊದಲುತ್ತಿತ್ತು. ಅಲ್ಲಿ ವಿಷದ ಮದ್ದು ಏರಿಸಿ ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಕಳಿಸಿದರು. ಉಸಿರಾಡುವ ಶಕ್ತಿಯೇ ಹೋಗಿತ್ತು. ಬಾಯಿಯ ಮೂಲಕ ಗಾಳಿ ಕೊಳವೆಯೊಳಗೆ ನಳಿಕೆ ಇಳಿಸಿ ಹದಿನಾಲ್ಕು ದಿನ ಯಂತ್ರದ ಮೇಲೆ ಇಟ್ಟರು. ಹದಿನೈದನೆಯ ದಿನ ನಳಿಕೆ ತೆಗೆದಾಗ ಅವನು ಕೇಳಿದ ಮೊದಲ ಮಾತು, ಬಾಸ್ ಏನಾಯಿತು ಎಂದು.

ಇನ್ನು ನನ್ನವ್ವನ ಮಾತು. ನಮ್ಮ ಮನೆಯಲ್ಲಿ ಹಾವನ್ನು ಹಾವು ಎನ್ನುವುದಿಲ್ಲ, ಹುಳ ಎನ್ನುತ್ತಾರೆ. ಶ್ರಾವಣ ಮಾಸದಲ್ಲಿ, ತನ್ನ ಮನೆಯ ಕಟ್ಟೆಯ ಮೇಲೆ, ಮಗನಂಥವನನ್ನು ಅದು ಮುಟ್ಟಿದ್ದು ಅವಳಿಗೆ ದೊಡ್ಡ ಭಯವಾಗಿತ್ತು. ಬದುಕಿ ಬಂದರೆ ವರ್ಷವಿಡೀ ಮನೆಯವರು ಆ ಸುದ್ದಿ ಎತ್ತುವುದಿಲ್ಲ ಎಂದು ಹರಕೆ ಹೊತ್ತಿದ್ದಳು. ಎತ್ತಿದರೆ ಅದು ಮತ್ತೆ ಹುಡುಕಿಕೊಂಡು ಬರುತ್ತದೆ ಎನ್ನುವುದು ಅವಳ ನಂಬಿಕೆ. ಆಸ್ಪತ್ರೆಯ ಫೈಲನ್ನು ಕೂಡ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿಸಿ ದೇವರ ಜಗಲಿಯ ಮೇಲೆ ಇಡಿಸಿದಳು. ವಹಾಬಭಾಯಿಗೂ ಮದರಬೀಗೂ ಮಗಳು ತರನ್ನುಮಳಿಗೂ ಹೇಳಿದಳು. ಆತವ್ವಾ ಎಂದ ಅವನು. ಅವನ ಆತು ಎಂದರೆ ಕಲ್ಲಿನ ಮೇಲೆ ಕೊರೆದ ಹಾಗೆ. ನಾನಾದರೂ ಪೇಪರ್ ಓದುವವನು, ನಾಲ್ಕು ಊರಿನ ನೀರು ಕುಡಿದವನು, ಅವ್ವನಿಗೆ ಎದುರಾಡಬಹುದಿತ್ತು. ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವನು ನಾನು. ಸುಮ್ಮನಿದ್ದೆ.

ಮನೆಗೆ ಬಂದು ಒಂದೂವರೆ ತಿಂಗಳು ಅವನು ಚೆನ್ನಾಗಿದ್ದ. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಪೀರನವಾಡಿಯಲ್ಲಿರುವ ಮಗಳ ಮನೆಗೆ ಬಸ್ ಇಳಿದು ಹೋಗುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದ. ಮಾತಿನ ನಡುವೆ ಗಾಳಿ ಸಾಲದೆ ನಿಲ್ಲುತ್ತಿದ್ದ. ಓಣಿಯ ಡಾಕ್ಟರು ಮೊದಲು ಏನಾದರೂ ಕಾಯಿಲೆ ಆಗಿತ್ತೇ, ಆಸ್ಪತ್ರೆಯಲ್ಲಿ ಇದ್ದಿರೇ ಎಂದು ಕೇಳಿದರಂತೆ. ಏನೂ ಇಲ್ಲ ಎಂದ ಇವನು. ಅಪ್ಪನೂ ಬೆಸುಗೆಯ ಹೊಗೆ ಕುಡಿದು ದಮ್ಮಿನಿಂದಲೇ ಸತ್ತದ್ದು ಎಂದ. ಹಾಗೆ ಹೇಳಿದರೆ ಯಾವ ಡಾಕ್ಟರೂ ದಮ್ಮು ಎಂದೇ ತಿಳಿಯುತ್ತಾರೆ. ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟರು, ಗುಳಿಗೆ ಕೊಟ್ಟರು. ನಾನೂ ನಂಬಿದೆ. ನಂದಗಡದಿಂದ ಆಡುಸೋಗೆಯ ಎಲೆ ತಂದು ಕೊಟ್ಟೆ. ಅವನು ದಿನದಿನಕ್ಕೂ ಒಣಗಿದ.

ಡಿಸೆಂಬರಿನ ಒಂದು ಮಧ್ಯಾಹ್ನ ನನ್ನ ಕಾರ್ನೆಟ್ಟಿನ ಬೆಸುಗೆ ಬಿಟ್ಟಿತೆಂದು ಅಂಗಡಿಗೆ ಹೋದೆ. ನಿಜ ಹೇಳಬೇಕೆಂದರೆ ಬೆಸುಗೆ ನೆಪ, ಅವನನ್ನು ನೋಡಬೇಕಿತ್ತು. ಅವನು ಬೆಸೆದ. ಪರೀಕ್ಷೆಗೆಂದು ಕಾರ್ನೆಟ್ಟನ್ನು ಕೈಗೆತ್ತಿಕೊಂಡು ಉಸಿರು ತುಂಬಿಕೊಂಡ. ಸುಂಯ್ ಎಂದು ಸಿಳ್ಳು ಬಂತು. ಇನ್ನೂ ದೋಷ ಉಳಿದಿದೆ ಎಂದು ಹೇಳಲು ಬಾಯಿ ತೆರೆದವನು ಹಾಗೆಯೇ ಕೂತೆ. ಕಾರ್ನೆಟ್ಟು ಇನ್ನೂ ಅವನ ತುಟಿಗೆ ಮುಟ್ಟಿರಲಿಲ್ಲ.

ಸದ್ದು ಅವನ ಗಂಟಲಿನದು. ನನ್ನ ಹೆಂಡತಿ ಪ್ರಮಿಳಾಗೆ ಇಪ್ಪತ್ತು ವರ್ಷದಿಂದ ದಮ್ಮು ಇದೆ. ಅವಳ ಸಿಳ್ಳು ನನಗೆ ಜೋಗುಳದಷ್ಟು ಪರಿಚಯ. ಅದು ಎದೆಯಿಂದ, ಉಸಿರು ಬಿಡುವಾಗ ಬರುತ್ತದೆ. ಇವನದು ಎಳೆದುಕೊಳ್ಳುವಾಗ ಬರುತ್ತಿತ್ತು. ಇನ್ನೊಂದು ಸಲ ಉಸಿರಾಡು ಎಂದೆ. ಎಳೆದ, ಸಿಳ್ಳು. ಬಿಟ್ಟ, ಹೆಚ್ಚುಕಡಿಮೆ ಸದ್ದೇ ಇಲ್ಲ. ಮತ್ತೆ ಎಳೆದ, ಮತ್ತೆ ಸಿಳ್ಳು.

"ವಹಾಬಭಾಯ್, ಇದು ದಮ್ಮಲ್ಲ. ನಿನ್ನ ಕೊಳವಿ ನೆಗ್ಗೈತಿ."

ಅವನು ನನ್ನನ್ನು ನೋಡಿದ. ಅವನಿಗೂ ತಿಳಿದಿತ್ತು ಎಂದು ನನಗೆ ಅನಿಸಿತು. ನಲವತ್ತು ವರ್ಷ ಆ ಸಿಳ್ಳನ್ನು ಹುಡುಕಿ ಹಿಡಿದವನು, ತನ್ನೊಳಗಿನದನ್ನು ಕೇಳಿಸಿಕೊಳ್ಳದೆ ಇರುತ್ತಾನೆಯೇ? ಹದಿನಾಲ್ಕು ದಿನ ಗಂಟಲಲ್ಲಿದ್ದ ನಳಿಕೆಯ ಸುದ್ದಿಯನ್ನು ಡಾಕ್ಟರಿಗೆ ಹೇಳಿದೆಯಾ ಎಂದು ಕೇಳಿದೆ. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ.

"ಅವ್ವಗ ಮಾತ ಕೊಟ್ಟೀನಿ. ವರ್ಷ ತುಂಬಲಿ."

ಮೌನ ಬಂಗಾರ ಎಂಬ ಗಾದೆ ಮಾಡಿದವನು ಎಂದೂ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ನಾನು ಸಿಕ್ಕಿದ ಬಸ್ ಹತ್ತಿ ನಂದಗಡಕ್ಕೆ ಹೋದೆ. ಅವ್ವ ದೇವರ ಜಗಲಿಯ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದಳು. ಫೈಲಿನ ಗಂಟು ಬಿಚ್ಚುತ್ತೇನೆ ಎಂದೆ. ವರ್ಷ ತುಂಬಿಲ್ಲ ಎಂದಳು. ಎಂಬತ್ತಾರು ವರ್ಷದ ತಾಯಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

"ವರ್ಷ ತುಂಬೂದ್ರಾಗ ಅವನ ಉಸಿರ ತೀರತೈತಿ, ಅವ್ವಾ. ಅದು ಹುಡುಕ್ಕೊಂಡ ಬರೂದಿದ್ರ ನನ್ನ ಹುಡುಕ್ಕೊಂಡ ಬರಲಿ."

ಅವಳು ಬತ್ತಿಯನ್ನು ಕೆಳಗಿಟ್ಟಳು. ಗೋಡೆಯ ಕಡೆಗೆ ಮುಖ ತಿರುಗಿಸಿ ಕೂತಳು. ನಾನು ಗಂಟು ಬಿಚ್ಚಿ ಫೈಲು ತೆಗೆದುಕೊಂಡು ಬಂದೆ.

ಬೆಳಗಾವಿಯಲ್ಲಿ ಗಂಟಲಿನ ಡಾಕ್ಟರ್ ನೇತ್ರಾ ಅವರ ಹತ್ತಿರ ತರನ್ನುಮ ಮತ್ತು ನಾನು ಅವನನ್ನು ಕರೆದುಕೊಂಡು ಹೋದೆವು. ಅವರು ಫೈಲಿನ ಎರಡನೆಯ ಹಾಳೆ ಓದಿದವರೇ ಎದ್ದು ನಿಂತು, ಅವನ ಕುತ್ತಿಗೆಯ ಬಳಿ ಕಿವಿಯಿಟ್ಟು ಕೇಳಿದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ನಾನು ತಪ್ಪೊಪ್ಪಿಕೊಳ್ಳಲು ಸಿದ್ಧನಾದೆ. ಅಷ್ಟರಲ್ಲಿ ವಹಾಬಭಾಯಿ ಮರೆತಿದ್ದೆ ರೀ ಎಂದುಬಿಟ್ಟ. ಜೀವಮಾನದಲ್ಲಿ ಅವನ ಬಾಯಿಂದ ನಾನು ಕೇಳಿದ ಒಂದೇ ಸುಳ್ಳು ಅದು, ಅದೂ ನನ್ನವ್ವನಿಗಾಗಿ.

ಸ್ಕ್ಯಾನ್ ಮಾಡಿಸಿದರು. ಗಂಟಲು ಮರಗಟ್ಟಿಸಿ, ಮೂಗಿನಿಂದ ತೆಳ್ಳಗಿನ ದುರ್ಬೀನು ಇಳಿಸಿ ಪರದೆಯ ಮೇಲೆ ತೋರಿಸಿದರು. ಹೆಬ್ಬೆರಳು ಹಿಡಿಯುವಷ್ಟು ಅಗಲ ಇರಬೇಕಾದ ಗಾಳಿ ಕೊಳವೆ ಒಂದು ಕಡೆ ಕಡಲೆ ಕಾಳಿನಷ್ಟಾಗಿತ್ತು. ಡಾಕ್ಟರು ಬಿಡಿಸಿ ಹೇಳಿದರು. ಯಂತ್ರದ ನಳಿಕೆ ಕೂತಲ್ಲೇ ಕೂರಲೆಂದು ಅದರ ಸುತ್ತ ಒಂದು ಸಣ್ಣ ಬಲೂನು ಉಬ್ಬಿಸಿರುತ್ತಾರೆ. ಜೀವ ಉಳಿಸಲು ಅದು ಬೇಕೇ ಬೇಕು. ಆದರೆ ಅದು ಬಹಳ ದಿನ ಒಳಗೋಡೆಯನ್ನು ಒತ್ತಿದರೆ ಕೆಲವರಲ್ಲಿ ಅಲ್ಲಿ ರಕ್ತದ ಓಡಾಟ ನಿಂತು ಹುಣ್ಣಾಗುತ್ತದೆ. ಹುಣ್ಣು ಮಾಯುವಾಗ, ಸುಟ್ಟ ಚರ್ಮ ಬಿಗಿದುಕೊಳ್ಳುವಂತೆ ಕೊಳವೆ ಬಿಗಿಯುತ್ತ ಬರುತ್ತದೆ. ನಳಿಕೆ ತೆಗೆದ ದಿನ ಗೊತ್ತಾಗುವುದಿಲ್ಲ, ವಾರಗಳು ಕಳೆದ ಮೇಲೆ ಉಸಿರು ಕಟ್ಟುತ್ತದೆ. ಕುತ್ತಿಗೆಗೆ ಬಿದ್ದ ಪೆಟ್ಟು, ಟಿಬಿ, ಪಕ್ಕದಲ್ಲಿ ಬೆಳೆದ ಗಡ್ಡೆ, ಇವುಗಳಿಂದಲೂ ಹೀಗಾಗುವುದುಂಟು. ಬಹಳ ಜನ ಇದನ್ನು ದಮ್ಮು ಎಂದುಕೊಂಡು ಪಂಪು ಹೊಡೆಯುತ್ತ ಕಾಲ ಕಳೆಯುತ್ತಾರಂತೆ.

ತರನ್ನುಮ ಅಳುತ್ತಿದ್ದಳು. ವಹಾಬಭಾಯಿ ಮಾತ್ರ ಪರದೆಯನ್ನು, ಗಿರಾಕಿ ತಂದ ವಾದ್ಯ ನೋಡುವ ಹಾಗೆಯೇ ನೋಡುತ್ತಿದ್ದ.

"ಗುಂಡ ಹಾಯಸ್ತೀರೋ, ತುಂಡ ತಗೀತೀರೋ, ಡಾಕ್ಟರ್?"

ಅವರಿಗೆ ಅರ್ಥವಾಗಲಿಲ್ಲ. ನಾನು ಅವನ ಬಿಸ್ಕೀಟ್ ಡಬ್ಬಿಯ ಕತೆ ಹೇಳಿದೆ. ಡಾಕ್ಟರು ನಕ್ಕರು, ಆ ದಿನ ಆ ಕೋಣೆಯಲ್ಲಿ ನಕ್ಕದ್ದು ಅವರೊಬ್ಬರೇ. ನಿಮ್ಮ ಪದ್ಧತಿಯೇ ನಮ್ಮ ಪದ್ಧತಿ ಎಂದರು. ಮೊದಲು ಅರಿವಳಿಕೆ ಕೊಟ್ಟು, ಬಿಗಿದ ಜಾಗದಲ್ಲಿ ಸಣ್ಣ ಗೀರು ಹಾಕಿ, ಬಲೂನಿನಿಂದ ಹಗುರಾಗಿ ಅಗಲ ಮಾಡುವುದು. ಮತ್ತೆ ಬಿಗಿದರೆ ಕೆಟ್ಟ ತುಂಡನ್ನೇ ತೆಗೆದು ಒಳ್ಳೆಯ ತುದಿಗಳನ್ನು ಹೊಲಿಯುವುದು.

ಜನವರಿಯಲ್ಲಿ ಬಲೂನು ಹಾಕಿದರು. ಮಾರನೆಯ ದಿನವೇ ಅವನು ನಡೆದಾಡಿದ. ಇಪ್ಪತ್ತಾರಕ್ಕೆ ನಾವು ಐದಾರು ಮುದುಕರು ರಾಯಣ್ಣನ ಸಮಾಧಿಯ ಮುಂದೆ ಊದಿದೆವು, ಬಾಸ್ ಒಂದನ್ನು ಬಿಟ್ಟು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಮಾರ್ಚಿನಲ್ಲಿ ಸಿಳ್ಳು ತಿರುಗಿ ಬಂತು. ಗುಂಡಿನ ಕೆಲಸ ಮುಗಿಯಿತು ಎಂದು ಅವನೇ ಹೇಳಿದ. ಏಪ್ರಿಲಿನಲ್ಲಿ ಆಪರೇಷನ್ ಆಯಿತು. ಧ್ವನಿಯ ನರಗಳು ಪಕ್ಕದಲ್ಲೇ ಇರುವುದರಿಂದ ಮಾತು ಹೋಗಲೂಬಹುದು ಎಂದು ಮೊದಲೇ ಹೇಳಿ ಸಹಿ ತೆಗೆದುಕೊಂಡಿದ್ದರು. ಆರು ತಾಸು ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನನ್ನ ಅಪ್ಪ ಸತ್ತಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಎರಡು ಬೆರಳು ಅಗಲದ ತುಂಡು ತೆಗೆದರು. ಹೊಸ ಹೊಲಿಗೆ ಜಗ್ಗಬಾರದೆಂದು ಅವನ ಗದ್ದವನ್ನು ಎದೆಯ ಚರ್ಮಕ್ಕೆ ದಾರದಿಂದ ಹೊಲಿದು ಬಿಟ್ಟಿದ್ದರು. ಒಂದು ವಾರ ತಲೆ ಎತ್ತುವಂತಿಲ್ಲ, ಮಾತಾಡುವಂತಿಲ್ಲ. ಅವನು ಕುರ್ಚಿಯಲ್ಲಿ ನೆಲ ನೋಡುತ್ತ ಕೂತಿರುತ್ತಿದ್ದ. ಬಂದವರ ಚಪ್ಪಲಿ ನೋಡಿ ಯಾರೆಂದು ಗುರುತು ಹಿಡಿಯುತ್ತಿದ್ದ.

ನಾಲ್ಕನೆಯ ದಿನ ಅವ್ವ ಬಂದಳು. ಗಂಟು ಬಿಚ್ಚಿದ ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ, ಆದರೂ ಆ ಬಿಸಿಲಲ್ಲಿ ಪ್ರಮಿಳಾಳ ಕೈ ಹಿಡಿದು ಬಸ್ಸಿನಲ್ಲಿ ಬಂದಿದ್ದಳು. ಬಾಗಿಲಲ್ಲಿ ನಿಂತು ಅವನ ಬಗ್ಗಿದ ತಲೆಯನ್ನು ನೋಡಿದಳು. ಯಾಕೆ ಹೀಗೆ ಎಂದು ಕೇಳಿದಳು. ನಾನು ಹೇಳಿದೆ. ಅವಳು ಮೆಲ್ಲಗೆ ಗೋಡೆ ಹಿಡಿದು ಅವನ ಕಾಲ ಬಳಿ ನೆಲದ ಮೇಲೆ ಕೂತಳು. ಕುರ್ಚಿ ತಂದ ನರ್ಸನ್ನು ಬೇಡ ಎಂದಳು. ಅಲ್ಲಿ ಕೂತರೆ ಮಾತ್ರ ಅವನ ಕಣ್ಣಿಗೆ ಅವಳ ಮುಖ ಕಾಣುತ್ತಿತ್ತು.

"ನಿನ್ನ ಬಾಯಿ ನಾ ಕಟ್ಟಿದ್ದೆ, ವಹಾಬ. ನೀ ಯಾಕ ತಲಿ ಬಗ್ಗಸ್ತೀಯಪಾ? ಬಗ್ಗಸಬೇಕಾದಾಕಿ ನಾನು."

ಅವನು ಮಾತಾಡುವಂತಿರಲಿಲ್ಲ. ಕೈ ಚಾಚಿ ಅವಳ ತಲೆಯ ಮೇಲಿನ ಸೆರಗನ್ನು ಸರಿಮಾಡಿದ. ಅವನ ಕಣ್ಣಿನ ನೀರು ನೇರವಾಗಿ ಅವಳ ಮಡಿಲಿಗೆ ಬಿತ್ತು. ನಾನು ಹೊರಗೆ ಹೋಗಿ ಬೆಂಚಿನ ಮೇಲೆ ಕೂತು ಮನಸಾರೆ ಅತ್ತೆ.

ಮಾತು ಉಳಿಯಿತು, ಸ್ವಲ್ಪ ಒಡಕಾಗಿ. ಇನ್ನು ಮೇಲೆ ಜೋರಾಗಿ ಊದಬಾರದು ಎಂದರು ಡಾಕ್ಟರ್ ನೇತ್ರಾ. ನಲವತ್ತು ವರ್ಷ ಊರಿನ ಮದುವೆಗಳ ವಾದ್ಯಗಳನ್ನೆಲ್ಲ ಎಳೆದು ನೋಡಿದ ಮೇಲೆ ಮೊದಲು ಊದಿದ ಬಾಯಿ ಅದು. ಈಗಲೂ ಅವನು ಅಂಗಡಿಗೆ ಬರುತ್ತಾನೆ, ಅದೇ ಗಿಡ್ಡ ಕಾಲಿನ ಸ್ಟೂಲು ಹೊರಗೆ ಹಾಕುತ್ತಾನೆ, ಕೆಲಸ ಬಂದರೆ ಮಾಡುತ್ತಾನೆ, ಇಲ್ಲವಾದರೆ ಮಗ್ಗಗಳ ಸದ್ದು ಕೇಳುತ್ತ ಕೂತಿರುತ್ತಾನೆ.

ಹರಕೆಯ ವರ್ಷ ತುಂಬಿದ ಮಾರನೆಯ ದಿನ ಅವನು ಹೇಳದೆ ಕೇಳದೆ ನಂದಗಡಕ್ಕೆ ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಬಾಸ್ ತಾ ಎಂದ. ಅರ್ಧಕ್ಕೆ ಬಿಟ್ಟ ಕೆಲಸ ಅವನಿಗೆ ನಿದ್ದೆ ಕೊಡುತ್ತಿರಲಿಲ್ಲವಂತೆ. ನಾನು ತಂದಿಟ್ಟೆ. ಬಾಗಿಲಲ್ಲಿ ಕೂತಿದ್ದ ಅವ್ವ ಮೊದಲು ಬ್ಯಾಟರಿ ಬಿಟ್ಟು ನೋಡು ಎಂದು ಗದರಿದಳು. ಅವನು ನಕ್ಕು, ಮೊಬೈಲಿನ ಬೆಳಕನ್ನು ಒಳಗೆ ಬಿಟ್ಟು ಎರಡು ಸಲ ನೋಡಿ ಆಮೇಲೆ ಕೈ ಹಾಕಿದ. ನೆಗ್ಗು ತೆಗೆಯಲು ಮಧ್ಯಾಹ್ನವಾಯಿತು. ಕೊನೆಗೆ ಬಾಸಿನ ಬಾಗು ಕೊಳವೆಯನ್ನು ಬಿಚ್ಚಿಕೊಂಡು ಒಂದು ತುದಿಗೆ ಅಂಗೈ ಒತ್ತಿದ. ತುಟಿಗೆ ಹಚ್ಚುವ ಮೊದಲು, ಹಳೆಯ ರೂಢಿಯಂತೆ, ಎದೆ ತುಂಬ ಉಸಿರೆಳೆದುಕೊಂಡ.

ನಾನೂ ಅವ್ವನೂ ಕಿವಿಗೊಟ್ಟು ಕೂತಿದ್ದೆವು. ಏನೂ ಕೇಳಲಿಲ್ಲ. ಸಿಳ್ಳಿಲ್ಲ, ಸುಂಯ್ ಇಲ್ಲ. ಅವನು ಇನ್ನೊಂದು ಸಲ ಎಳೆದ, ನಮಗಾಗಿಯೇ ಎನ್ನುವಂತೆ ನಿಧಾನವಾಗಿ. ಆಮೇಲೆ ಕೊಳವೆಯನ್ನು ತುಟಿಗೆ ಹಚ್ಚಿ ಗಾಳಿ ಎಳೆದು ನೋಡಿದ. ಅದೂ ಸುಮ್ಮನಿತ್ತು.

"ಏನಂತೈತೋ ವಹಾಬ?" ಎಂದಳು ಅವ್ವ.

"ಖರೇ ಹೇಳಾಕತ್ತೈತಿ, ಅವ್ವಾ," ಎಂದ ಅವನು.

ಅವ್ವ ಎದ್ದು, ಅವನಿಗೆ ಚಹಾ ಇಡಲು ಒಳಗೆ ಹೋದಳು.